ಹಳೆಯ ಝೆನ್‌ಗೆ ಹಾಕಿಸಿದ ವಾಟರ್ ಪಂಪ್: ಆರು ವರ್ಷಗಳ ಲೆಕ್ಕ

ನನ್ನದು 2003ರ ಮಾರುತಿ ಝೆನ್, ದಾವಣಗೆರೆಯ ಕೆಎ-17 ನೋಂದಣಿ. ಭರಮಸಾಗರದ ಆಚೆ ಇರುವ ಶಾಲೆಗೆ ದಿನವೂ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ನನ್ನನ್ನು ಕರೆದೊಯ್ದು ಕರೆತರುವ ಗಾಡಿ. 2019ರ ಏಪ್ರಿಲ್‌ನಲ್ಲಿ ಇದಕ್ಕೆ ಮಾರುತಿ ಕಂಪನಿಯದೇ ಅಸಲಿ ವಾಟರ್ ಪಂಪ್, ಅಂದರೆ ಎಂಜಿನ್ ಮಿತಿಮೀರಿ ಕಾಯದಂತೆ ಅದರೊಳಗೆ ನೀರು ಸುತ್ತಿಸುವ ಪಂಪ್, ಹಾಕಿಸಿದೆ. ಆರು ವರ್ಷವಾಯಿತು, 58,000 ಕಿಲೋಮೀಟರ್ ಓಡಿತು, ಪಂಪಿನಿಂದ ಒಂದು ಹನಿಯೂ ಸೋರಿಲ್ಲ. ಇಷ್ಟನ್ನೇ ಬರೆದು ನಿಲ್ಲಿಸಿದರೆ ಓದಿದವರು ಅಂಗಡಿಗೆ ಹೋಗಿ ದುಬಾರಿ ಡಬ್ಬಿ ಕೇಳಿ ಸುಮ್ಮನಾಗಿಬಿಡುತ್ತಾರೆ. ಪಂಪು ಬಾಳಿದ್ದಕ್ಕೆ ಪಂಪಿನ ಗುಣ ಅರ್ಧ ಕಾರಣ ಮಾತ್ರ, ಉಳಿದರ್ಧವನ್ನೂ ಹೇಳಬೇಕು.

ಇದಕ್ಕೆ ಮೊದಲು, 2018ರ ಫೆಬ್ರುವರಿಯಲ್ಲಿ, ಪಿ.ಬಿ. ರಸ್ತೆಯ ಬಿಡಿಭಾಗದ ಅಂಗಡಿಯೊಂದರಲ್ಲಿ 850 ರೂಪಾಯಿಗೆ ಬೇರೆ ಕಂಪನಿಯ ಪಂಪ್ ಕೊಂಡಿದ್ದೆ. ಹದಿನಾಲ್ಕೇ ತಿಂಗಳಿಗೆ ಅದು ಕೈಕೊಟ್ಟಿತು. ಮಧ್ಯಾಹ್ನ ಎರಡೂವರೆಯ ಬಿಸಿಲು, ಮನೆಯ ಕಡೆ ಬರುತ್ತಿದ್ದೆ. ತಾಪಮಾನದ ಮುಳ್ಳು ಅರ್ಧ ದಾಟಿ ಮೇಲೇರುವುದು ಕಣ್ಣಿಗೆ ಬಿತ್ತು. ಎ.ಸಿ. ಆರಿಸಿ, ಹೀಟರನ್ನು ಪೂರ್ತಿ ತಿರುಗಿಸಿದೆ. ಒಳಗೆ ಕುಳಿತವರು ಬೇಯುತ್ತಾರೆ, ಆದರೆ ಎಂಜಿನ್ನಿನ ಬಿಸಿ ಸ್ವಲ್ಪ ಈ ಕಡೆ ಹರಿಯುತ್ತದೆ. ಮುಳ್ಳು ಇಳಿಯಲಿಲ್ಲ. ಬೇವಿನ ಮರವೊಂದರ ನೆರಳಿಗೆ ಗಾಡಿ ತಂದು ಎಂಜಿನ್ ಆರಿಸಿದೆ. ಝೆನ್‌ನ ಎಂಜಿನ್ ಬ್ಲಾಕೂ ಅದರ ಮೇಲೆ ಕೂರುವ ಹೆಡ್ಡೂ ಅಲ್ಯೂಮಿನಿಯಂ. ಮಿತಿಮೀರಿ ಕಾದರೆ ಹೆಡ್ ಸೊಟ್ಟಗಾಗುತ್ತದೆ, ಸಂದು ಸೋರದಂತೆ ನಡುವೆ ಕೂರಿಸುವ ತೆಳು ಹಾಳೆ, ಗ್ಯಾಸ್ಕೆಟ್, ಹೋಗುತ್ತದೆ, ಆಮೇಲೆ ಬರುವ ಖರ್ಚಿನ ಮುಂದೆ ಪಂಪಿನ ಬೆಲೆ ಏನೇನೂ ಅಲ್ಲ. ಪಕ್ಕದ ಹೊಲದವರು ಪಾಪ, ಕೊಡ ತುಂಬ ನೀರು ತಂದು ಸುರಿಯಲು ಮುಂದಾದರು. ಬೇಡವೆಂದು ಕೈಮುಗಿದೆ. ಕಾದ ರೇಡಿಯೇಟರಿನ ಮುಚ್ಚಳ ತೆಗೆದರೆ ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಕಾದ ಲೋಹಕ್ಕೆ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು. ಮುಕ್ಕಾಲು ಗಂಟೆ ಕಾದು, ಟೋಯಿಂಗ್ ಗಾಡಿ ತರಿಸಿ ಊರು ಸೇರಿದೆ.

ನಮ್ಮ ಗ್ಯಾರೇಜಿನ ಹಿರಿಯ ಮೇಸ್ತ್ರಿಯನ್ನು ಎಲ್ಲರೂ ಚಾಚಾ ಎಂದೇ ಕರೆಯುತ್ತಾರೆ. ಅವರು ಪಂಪ್ ಬಿಚ್ಚಿ ಹಳೆಯ ಪತ್ರಿಕೆಯ ಮೇಲಿಟ್ಟು ನನ್ನನ್ನು ಹತ್ತಿರ ಕೂರಿಸಿಕೊಂಡರು. ನೀರು ತಡೆಯುವ ಸೀಲಿಗೂ ಶಾಫ್ಟನ್ನು ಹಿಡಿದು ತಿರುಗಲು ಬಿಡುವ ಬೇರಿಂಗಿಗೂ ನಡುವೆ, ಪಂಪಿನ ಹೊಟ್ಟೆಯಡಿ, ಕಡ್ಡಿ ತೂರುವಷ್ಟು ಸಣ್ಣ ತೂತೊಂದು ಇರುತ್ತದೆ. ಸೀಲ್ ಸವೆದಾಗ ನೀರು ಬೇರಿಂಗಿಗೆ ನುಗ್ಗದೆ ಹೊರಗೆ ಹೋಗಲಿ ಎಂದೇ ಅದನ್ನು ಇಟ್ಟಿರುತ್ತಾರೆ. ಆ ತೂತಿನಿಂದ ಕೆಳಗೆ ಕಂದು ಬಣ್ಣದ ಕಲೆ ಒಣಗಿ ಗೀರಿನಂತೆ ಇಳಿದಿತ್ತು. ಅಂದರೆ ಪಂಪ್ ಎಷ್ಟೋ ದಿನಗಳ ಹಿಂದೆಯೇ ಹೇಳಿತ್ತು, ನಾನು ನೋಡಿರಲಿಲ್ಲ. ಆಮೇಲೆ ಪಂಪಿನೊಳಗೆ ನೀರು ತಳ್ಳುವ ಚಕ್ರ, ಇಂಪೆಲ್ಲರ್, ತೋರಿಸಿದರು. ತಗಡನ್ನು ಒತ್ತಿ ಮಾಡಿದ ರೆಕ್ಕೆಗಳು. ಅಂಚುಗಳು ಗೆದ್ದಲು ತಿಂದ ಪುಸ್ತಕದ ಹಾಳೆಯಂತೆ ಮೊಟಕಾಗಿದ್ದವು. ಒಳಗೋಡೆಗೆಲ್ಲ ಬೋರ್‌ವೆಲ್ ನೀರು ಕಾಯಿಸುವ ಹಂಡೆಯಲ್ಲಿ ಕಟ್ಟುವಂಥದ್ದೇ ಬಿಳಿಯ ಕಿಟ್ಟ.

"ಮೇಷ್ಟ್ರೇ, ಇದಕ್ಕೆ ಯಾವ ನೀರು ಕುಡಿಸಿದಿರಿ?" ಎಂದು ಕೇಳಿದರು.

ಮನೆಯ ಬೋರ್‌ವೆಲ್ ನೀರು. ನಿಜ ಹೇಳಿದೆ. ವರ್ಷಗಳಿಂದ ರೇಡಿಯೇಟರಿಗೆ ಅದನ್ನೇ ಸುರಿಯುತ್ತಿದ್ದೆ. ನಮ್ಮ ಕಡೆ ಬೋರ್‌ವೆಲ್ ನೀರು ಎಷ್ಟು ಗಡುಸೆಂದು ಬಟ್ಟೆ ಒಗೆಯುವವರಿಗೆ ಚೆನ್ನಾಗಿ ಗೊತ್ತು, ಸೋಪು ನೊರೆಯೇ ಬರುವುದಿಲ್ಲ. ಆ ಸುಣ್ಣದಂಶ ಬಿಸಿಗೆ ಗಟ್ಟಿಯಾಗಿ ಕಣಕಣವಾಗಿ ತಿರುಗುತ್ತ ಸೀಲಿನ ಮುಖವನ್ನು ಗೀರುತ್ತದೆ. ಕನ್ನಡಿಯಂತೆ ನಯವಾದ ಎರಡು ಮೈಗಳು ಒಂದಕ್ಕೊಂದು ಒತ್ತಿ ತಿರುಗಿದರೆ ಮಾತ್ರ ಸೀಲ್ ನೀರು ತಡೆಯುವುದು. ಒಂದು ಗೀರು ಬಿದ್ದರೂ ಸೋರಿಕೆ ಶುರು. ರೇಡಿಯೇಟರಿನ ನೀರಿಗೆ ಬೆರೆಸುವ ಕೂಲೆಂಟ್ ಎಂದರೆ ಹಿಮ ಬೀಳುವ ದೇಶದವರಿಗೆ ಬೇಕಾದ ವಸ್ತು ಎಂದುಕೊಂಡಿದ್ದೆ. ನಮಗೆ ಅದು ಬೇಕಾಗುವುದು ಬೇರೆ ಕಾರಣಕ್ಕೆ: ತುಕ್ಕನ್ನು, ಲೋಹ ಸವೆಯುವುದನ್ನು ತಡೆಯುತ್ತದೆ, ನೀರು ಬೇಗ ಕುದಿಯಲು ಬಿಡುವುದಿಲ್ಲ.

ಹೊಸ ಪಂಪಿನ ಆಯ್ಕೆಗೆ ಮೂರು ದಾರಿಗಳಿದ್ದವು. ಹಳೆಯದಕ್ಕೇ ಸೀಲ್, ಬೇರಿಂಗ್ ಒತ್ತಿ ಹಾಕಿಸುವುದು ಒಂದು. ಮೈ ಸವೆದ ಪಂಪಿಗೆ ಅದು ದಂಡ. ಇನ್ನೊಂದು, ಮತ್ತೆ ಅಗ್ಗದ್ದು. ಮೂರನೆಯದು ಕಂಪನಿಯ ಅಸಲಿ. ಅಸಲಿಗೆ 1,900 ರೂಪಾಯಿ ಕೊಟ್ಟೆ. ಆಗಲೇ ನಿಂತುಹೋಗಿದ್ದ ಮಾದರಿಯಾದ್ದರಿಂದ ತರಿಸಲು ನಾಲ್ಕು ದಿನ ಬೇಕಾಯಿತು. ಡಬ್ಬಿ ಬಂದಾಗ ಚಾಚಾ ಹಳೆಯದನ್ನೂ ಹೊಸದನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಪುಲ್ಲಿ ಕೂರುವ ಬೋಲ್ಟಿನ ತೂತುಗಳು, ಇಂಪೆಲ್ಲರಿನ ಎತ್ತರ, ರೆಕ್ಕೆಗಳ ದಪ್ಪ, ಗ್ಯಾಸ್ಕೆಟ್ ಕೂರುವ ಮೈ ಎಲ್ಲವನ್ನೂ ಹೋಲಿಸಿದರು. ಬಳಿಕ ಶಾಫ್ಟನ್ನು ನನ್ನ ಕೈಗೆ ಕೊಟ್ಟು ತಿರುಗಿಸಿ ನೋಡಲು ಹೇಳಿದರು. ಗಟ್ಟಿ ತುಪ್ಪದಲ್ಲಿ ಚಮಚ ಆಡಿಸಿದಂತೆ ಒಂದೇ ಹದದ ಬಿಗಿ. ಎಲ್ಲಿಯೂ ಕರಕರ ಇಲ್ಲ, ಅಲುಗಾಡಿಸಿದರೆ ಸಡಿಲವೂ ಇಲ್ಲ. ಅಂಗಡಿಯಲ್ಲೇ ನಿಂತು ಇದನ್ನು ಯಾರು ಬೇಕಾದರೂ ಮಾಡಬಹುದು. ಡಬ್ಬಿಯ ಮೇಲಿನ ಹೆಸರಿಗಿಂತ ಈ ಒಂದು ನಿಮಿಷದ ಪರೀಕ್ಷೆಯನ್ನು ನಾನು ಹೆಚ್ಚು ನಂಬುತ್ತೇನೆ.

ಝೆನ್‌ನಲ್ಲಿ ಪಂಪನ್ನು ತಿರುಗಿಸುವುದು ಹೊರಗಿನ ಬೆಲ್ಟ್. ಆದರೂ ಪಂಪ್ ಬಿಚ್ಚಲು, ಎಂಜಿನ್ನಿನ ಭಾಗಗಳನ್ನು ಒಂದೇ ತಾಳಕ್ಕೆ ತಿರುಗಿಸುವ ಟೈಮಿಂಗ್ ಬೆಲ್ಟನ್ನು ತೆಗೆಯಲೇಬೇಕು. ಆದ್ದರಿಂದ ಅದನ್ನೂ ಅದರ ಬಿಗಿ ಕಾಯುವ ಟೆನ್ಷನರನ್ನೂ ಅಂದೇ ಹೊಸದು ಹಾಕಿಸಿದೆ, ಕೂಲಿ ಒಂದೇ. ಥರ್ಮೋಸ್ಟಾಟ್, ರೇಡಿಯೇಟರ್ ಮುಚ್ಚಳವೂ ಹೊಸದಾದವು. ಕಿಟ್ಟವೆಲ್ಲ ಹೋಗುವವರೆಗೆ ರೇಡಿಯೇಟರನ್ನೂ ಬ್ಲಾಕನ್ನೂ ತೊಳೆದರು. ಬಾಟಲಿಯ ಕೂಲೆಂಟಿಗೆ ಸಮಪಾಲು ಡಿಸ್ಟಿಲ್ಡ್ ನೀರು ಬೆರೆಸಿ ತುಂಬಿದರು. ಒಳಗೆ ಗಾಳಿ ನಿಲ್ಲದಂತೆ, ತಣ್ಣಗಿದ್ದ ಎಂಜಿನ್ನನ್ನು ಮುಚ್ಚಳ ತೆಗೆದೇ ಚಾಲೂ ಮಾಡಿ, ಮಟ್ಟ ಇಳಿದಂತೆಲ್ಲ ತುಂಬುತ್ತ ಹೋದರು. ಕೊನೆಗೆ ಬೆಲ್ಟಿನ ಬಿಗಿ. ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಮುಕ್ಕಾಲು ಸೆಂಟಿಮೀಟರ್ ಜಗ್ಗಬೇಕು. ಕಿರ್ರೆನ್ನದಿರಲಿ ಎಂದು ವಿಪರೀತ ಬಿಗಿದರೆ ಪಂಪಿನ ಬೇರಿಂಗ್ ಬೇಗ ಹೋಗುತ್ತದೆ. ಹಿಂದಿನ ಪಂಪನ್ನು ಬೇರೊಂದು ಕಡೆ ಹಾಕಿಸಿದ್ದೆ, ಅಲ್ಲಿ ಬೆಲ್ಟನ್ನು ತಂತಿಯಂತೆ ಬಿಗಿದು ಕಳುಹಿಸಿದ್ದರು.

ಈಗ ತೀರ್ಪಿನ ಮಾತು. ನಾನು ಪಂಪನ್ನೂ ನೀರನ್ನೂ ಒಂದೇ ದಿನ ಬದಲಿಸಿದವನು. ಯಾವುದರಿಂದ ಎಷ್ಟು ಲಾಭವಾಯಿತೆಂದು ನನ್ನ ಗಾಡಿಯೊಂದನ್ನೇ ನೋಡಿ ಹೇಳಿದರೆ ನ್ಯಾಯವಾಗುವುದಿಲ್ಲ. ಚಿತ್ರದುರ್ಗದಲ್ಲಿರುವ ನನ್ನ ಭಾವನ ಬಳಿಯೂ ಝೆನ್ ಇದೆ. ಅವರು ನನಗೆ ಕೈಕೊಟ್ಟ ಅದೇ ಅಗ್ಗದ ಪಂಪನ್ನು ಹಾಕಿಸಿಕೊಂಡು, ಮೊದಲ ದಿನದಿಂದಲೇ ಕೂಲೆಂಟ್ ಬಳಸಿದರು. ಅದು ನಾಲ್ಕು ವರ್ಷ ನಡೆಯಿತು. ಕೊನೆಯಲ್ಲಿ ಹೋದದ್ದು ಬೇರಿಂಗ್, ಸೀಲ್ ಅಲ್ಲ. ಬಿಚ್ಚಿದಾಗ ನಾನೂ ಹೋಗಿ ನೋಡಿದೆ. ಅದೇ ತಗಡಿನ ರೆಕ್ಕೆಗಳು, ಅಂಚು ಇನ್ನೂ ಚೂಪಾಗಿಯೇ ಇದ್ದವು. ಹಾಗಾಗಿ ಕೈಯಲ್ಲಿ ಹಣ ಕಡಿಮೆ ಇದ್ದವರಿಗೆ ನನ್ನ ಮಾತು ಇದು: ಅಗ್ಗದ ಪಂಪಿಗೆ ಒಳ್ಳೆಯ ಕೂಲೆಂಟ್ ಹಾಕಿ, ಅಸಲಿ ಪಂಪಿಗೆ ಬೋರ್‌ವೆಲ್ ನೀರು ಹಾಕಬೇಡಿ. ದಿನವೂ ದೂರ ಓಡುವವರು ಅಸಲಿಯನ್ನೇ ಕೊಳ್ಳುವುದು ಮೇಲು, ಬೇರಿಂಗಿನ ಗುಣದಲ್ಲಿ ವ್ಯತ್ಯಾಸ ನಿಜವಾಗಿಯೂ ಇದೆ.

ನನ್ನ ಅತೃಪ್ತಿ ಒಂದೇ. ಡಬ್ಬಿಯಲ್ಲಿ ಬಂದ ಗ್ಯಾಸ್ಕೆಟ್ ಒಂದು ಮೂಲೆಯಲ್ಲಿ ಮಡಿಸಿಹೋಗಿತ್ತು, ಬೇರೆ ತರಿಸಬೇಕಾಯಿತು. ಮಡಿಕೆಯ ಮೇಲೆ ಪೇಸ್ಟ್ ಮೆತ್ತಿ ಕೂರಿಸಲು ಚಾಚಾ ಒಪ್ಪಲಿಲ್ಲ. ಹೆಚ್ಚಾದ ಪೇಸ್ಟ್ ಒಳಕ್ಕೆ ಉಬ್ಬಿ, ತುಂಡಾಗಿ, ರೇಡಿಯೇಟರಿನ ಕೊಳವೆಗಳಿಗೆ ಅಡ್ಡ ಕೂರುತ್ತದೆ ಎಂದರು.

ಎರಡು ವರ್ಷಕ್ಕೊಮ್ಮೆ ಕೂಲೆಂಟ್ ಬದಲಿಸುತ್ತೇನೆ. ಪ್ರತಿ ಭಾನುವಾರ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ, ಟಾರ್ಚ್ ಹಿಡಿದು ಆ ಸಣ್ಣ ತೂತಿನ ಕೆಳಗೆ ಕಲೆ ಇದೆಯೇ ಎಂದು ನೋಡುತ್ತೇನೆ. ಕಳೆದ ವಾರವೂ ಒಣಗಿಯೇ ಇತ್ತು. ಈ ಮಾದರಿಯ ಸಾಮಾನು ಸಿಗುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ. ಅದಕ್ಕೇ ಮೊನ್ನೆ ಇನ್ನೊಂದು ಅಸಲಿ ಪಂಪ್ ಸಿಕ್ಕಿದಾಗ ಶಾಫ್ಟ್ ತಿರುಗಿಸಿ ನೋಡಿ, ಗ್ಯಾಸ್ಕೆಟನ್ನು ಬೆಳಕಿಗೆ ಹಿಡಿದು ನೋಡಿ, ತಂದು ಬೀರುವಿನಲ್ಲಿಟ್ಟಿದ್ದೇನೆ.