ಬೆಟ್ಟದ ಕೋಟೆಗೆ ಫಿಲ್ಟರೋ, ಬ್ರಾಕೆಟಿಂಗೋ?

ಸೂರ್ಯ ಮೇಲೇರುವ ಹೊತ್ತಿಗೆ ಕೋಟೆಯ ಫೋಟೊ ತೆಗೆದರೆ ಒಂದೋ ಆಕಾಶ ಬಿಳಿಚಿಕೊಳ್ಳುತ್ತದೆ, ಇಲ್ಲವೇ ಕಲ್ಲುಗೋಡೆ ಕಪ್ಪಾಗುತ್ತದೆ. ಇದಕ್ಕೆ ಮದ್ದು ಎರಡು: ಮೇಲರ್ಧ ಮಬ್ಬಾಗಿದ್ದು ಆಕಾಶದ ಬೆಳಕನ್ನು ತಗ್ಗಿಸುವ ಗ್ರಾಜುಯೇಟೆಡ್ ಎನ್‌ಡಿ ಫಿಲ್ಟರ್, ಇಲ್ಲವೇ ಒಂದೇ ದೃಶ್ಯವನ್ನು ಬೇರೆ ಬೇರೆ ಎಕ್ಸ್‌ಪೋಶರ್‌ನಲ್ಲಿ (ಬೆಳಕಿನ ಪ್ರಮಾಣದಲ್ಲಿ) ತೆಗೆದು ಜೋಡಿಸುವ ಬ್ರಾಕೆಟಿಂಗ್. ಎರಡನ್ನೂ ಬಳಸಿ ನೋಡಿದ ಮೇಲೆ ನನ್ನ ಆಯ್ಕೆ ಸ್ಪಷ್ಟ: ಕೋಟೆಗೆ ಬ್ರಾಕೆಟಿಂಗ್, ಬೋಳುಗುಡ್ಡಕ್ಕೆ ಫಿಲ್ಟರ್.

ಚಿತ್ರದುರ್ಗವನ್ನೇ ನೋಡಿ. ಬಂಡೆ, ಬತೇರಿ (ಕಾವಲು ಬುರುಜು), ದೀಪಸ್ತಂಭ ಎಲ್ಲವೂ ಆಕಾಶದೊಳಕ್ಕೆ ಚಾಚಿ ನಿಂತಿವೆ. ಫಿಲ್ಟರಿನ ಗೆರೆ ಮಾತ್ರ ನೇರ. 3 ಸ್ಟಾಪಿನದನ್ನು (ಸ್ಟಾಪ್ ಎಂದರೆ ಬೆಳಕು ಅರ್ಧವಾಗುವ ಇಲ್ಲವೇ ಇಮ್ಮಡಿಯಾಗುವ ಒಂದು ಹಂತ) ಹಾಕಿದರೆ ಬತೇರಿಯ ತಲೆಯೂ ಆಕಾಶದ ಜೊತೆಗೇ ಮಬ್ಬಾಗುತ್ತದೆ. ಬುಡ ಬೆಳಕಿನಲ್ಲಿ, ತಲೆ ಕತ್ತಲಲ್ಲಿ. ಅಂಚು ಮೃದುವಾದ ಫಿಲ್ಟರ್ ಕೊಂಡರೂ ಈ ದೋಷ ತಗ್ಗುತ್ತದೆಯೇ ಹೊರತು ಹೋಗುವುದಿಲ್ಲ.

ಅಲ್ಲಿ ಬ್ರಾಕೆಟಿಂಗ್ ಹೀಗೆ: ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲ್), ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 100, ಅಪರ್ಚರ್ (ಲೆನ್ಸಿನ ಬೆಳಕಿಂಡಿ) ಎಫ್/8, ಮೂರು ಫ್ರೇಮು, -2, 0, +2 ಸ್ಟಾಪ್. ನಡುವಿನದು 1/250 ಸೆಕೆಂಡ್ ಇದ್ದರೆ ಉಳಿದೆರಡು 1/1000 ಮತ್ತು 1/60. ಬದಲಾಗಬೇಕಾದ್ದು ಶಟರ್ ವೇಗ ಮಾತ್ರ. ಅಪರ್ಚರ್ ಬದಲಾದರೆ ಫೋಕಸಿನ ಆಳವೂ ಬದಲಾಗಿ ಜೋಡಣೆ ಹೊಂದುವುದಿಲ್ಲ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್‌ಗೆ ಅನುಮತಿ ಬೇಕು, ಆದ್ದರಿಂದ ವೈಡ್ ಲೆನ್ಸಿನಲ್ಲಿ 1/60ರವರೆಗೆ ಕೈಯಲ್ಲೇ ಹಿಡಿದು, ನಿರಂತರ ಶಟರ್‌ನಲ್ಲಿ ಒಮ್ಮೆಲೇ ಮೂರನ್ನೂ ತೆಗೆಯಿರಿ. ಜೋಡಿಸುವಾಗ ಅಂಚು ಸ್ವಲ್ಪ ಕತ್ತರಿಸಿ ಹೋಗುತ್ತದೆ, ಚೌಕಟ್ಟನ್ನು ತುಸು ಸಡಿಲವಾಗಿಟ್ಟಿರಿ.

ಬಲ್ಲಾಳರಾಯನದುರ್ಗದ ಹುಲ್ಲುಗಾವಲಿನಲ್ಲಿ ಇದೇ ವಿಧಾನ ಸೋಲುತ್ತದೆ. ಗಾಳಿಗೆ ಹುಲ್ಲು ಒಂದೊಂದು ಫ್ರೇಮಿನಲ್ಲಿ ಒಂದೊಂದು ಕಡೆ ಬಾಗಿರುತ್ತದೆ, ಜೋಡಿಸಿದ ಮೇಲೆ ನೆರಳು ನೆರಳಾಗಿ ಕಾಣುತ್ತದೆ. ಗುಡ್ಡದ ಗೆರೆ ಅಲ್ಲಿ ಹೆಚ್ಚು ಏರಿಳಿತವಿಲ್ಲದೆ ಸಾಗುವ ಕಡೆ 2 ಸ್ಟಾಪಿನ ಮೃದು ಅಂಚಿನ ಫಿಲ್ಟರ್ ಸಾಕು, ಒಂದೇ ಫ್ರೇಮಿನಲ್ಲಿ ಕೆಲಸ ಮುಗಿಯುತ್ತದೆ. ಸೂರ್ಯನಿಗೆ ಎದುರಾಗಿ ಹಿಡಿದಾಗ ಗಾಜಿನ ಮೇಲಿನ ಒಂದು ಬೆರಳಚ್ಚೂ ಚಿತ್ರದಲ್ಲಿ ಮೂಡುತ್ತದೆ; ಒಣ ಮೈಕ್ರೊಫೈಬರ್ ಬಟ್ಟೆ ಎರಡಿರಲಿ.

ಮಳೆಗಾಲದ ಕವಲೇದುರ್ಗ ಕೋಟೆಗೆ ಇವೆರಡೂ ಬೇಡ. ಮಂಜು ತುಂಬಿದಾಗ ಬೆಳಕಿನ ಅಂತರವೇ ಕಡಿಮೆ, ಒಂದೇ ರಾ ಫೈಲ್ ಸಾಕು. ಆದರೆ ಕ್ಯಾಮೆರಾದ ಬೆಳಕಿನ ಮೀಟರ್ ಬಿಳಿ ಮಂಜನ್ನು ಬೂದು ಮಾಡುತ್ತದೆ, ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಮೀಟರ್ ಹೇಳಿದ್ದಕ್ಕೆ ತಿದ್ದುಪಡಿ) +0.7 ಕೊಟ್ಟು ಹಿಸ್ಟೋಗ್ರಾಂ (ಕಪ್ಪಿನಿಂದ ಬಿಳಿಯವರೆಗಿನ ಬೆಳಕಿನ ನಕ್ಷೆ) ಬಲಗೋಡೆಗೆ ತಾಗದಂತೆ ನೋಡಿಕೊಳ್ಳಿ.