ಝೆನ್‌ನ ನೀಲಿ ಹೊಗೆ: ಡಬ್ಬಿ ಔಷಧಿ, ಹಗ್ಗದ ವಿದ್ಯೆ, ಹೆಡ್ ಇಳಿಸುವುದು

ಚಾಮುಂಡಿ ಬೆಟ್ಟದಿಂದ ಎರಡನೇ ಗೇರಿನಲ್ಲಿ ಇಳಿದು ಬಂದು, ತಾವರೆಕಟ್ಟೆ ಹತ್ತಿರ ಆಕ್ಸಿಲರೇಟರ್ ಒತ್ತಿದೆ. ಕನ್ನಡಿಯಲ್ಲಿ ಹಿಂದಿನ ಸ್ಕೂಟರಿನವರು ಮಾಯ, ಬರೀ ನೀಲಿ ಹೊಗೆ. ನನ್ನದು 1998ರ ಮಾರುತಿ ಝೆನ್, ಕಾರ್ಬೊರೇಟರ್ ಗಾಡಿ, 993 ಸಿಸಿ, ನಾಲ್ಕು ಸಿಲಿಂಡರಿಗೆ ಎಂಟು ವಾಲ್ವ್. ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ರಿನೀವಲ್ ಇರುತ್ತಲ್ಲ, 2023ರದ್ದು ಹತ್ತಿರ ಬಂದಿತ್ತು. ಈ ಹೊಗೆ ಇಟ್ಟುಕೊಂಡು ಆರ್‌ಟಿಓ ಮುಂದೆ ನಿಲ್ಲಿಸುವ ಧೈರ್ಯ ನನಗಿರಲಿಲ್ಲ.

ಮೊದಲು ತೋರಿಸಿದ ಗ್ಯಾರೇಜಿನವರು ಬಾನೆಟ್ ಕೂಡ ಎತ್ತದೆ, "ರಿಂಗ್ ಹೋಗಿದೆ ಸಾರ್, ಇಂಜಿನ್ ಇಳಿಸಿ ಬೋರ್ ಮಾಡಿಸ್ಬೇಕು" ಅಂದರು. ನಂಬಿಬಿಡುತ್ತಿದ್ದೆನೇನೋ. ಆದರೆ ಗಾಡಿ ಬೆಟ್ಟ ಹತ್ತುವಾಗ ಹೊಗೆ ಬಿಡುತ್ತಿರಲಿಲ್ಲ, ಇಳಿದ ಮೇಲೆ ಬಿಡುತ್ತಿತ್ತು. ರಿಂಗ್ ಅಂದರೆ ಪಿಸ್ಟನ್ ಸುತ್ತಲಿನ ಬಳೆ, ಅದು ಸವೆದಿದ್ದರೆ ಲೋಡ್ ಬಿದ್ದಾಗಲೇ ಹೊಗೆ ಜಾಸ್ತಿ. ವಾಲ್ವ್ ಕಡ್ಡಿಯ ಪಕ್ಕದಿಂದ ಆಯಿಲ್ ಇಳಿಯದಂತೆ ತಡೆಯುವ ರಬ್ಬರ್ ಸೀಲ್ ಸವೆದಿದ್ದರೆ ಕಥೆ ಬೇರೆ: ಕಾಲು ತೆಗೆದು ಗೇರಿನಲ್ಲೇ ಇಳಿಯುವಾಗ ಮ್ಯಾನಿಫೋಲ್ಡಿನ (ಇಂಜಿನ್ನಿಗೆ ಗಾಳಿ ಹೋಗುವ ಕೊಳವೆಯ) ವ್ಯಾಕ್ಯೂಮ್ ಜೋರಾಗಿ, ಆ ಸಂದಿನಿಂದ ಆಯಿಲನ್ನು ಕೆಳಕ್ಕೆಳೆಯುತ್ತೆ. ಮತ್ತೆ ಒತ್ತಿದಾಗ ಅದಷ್ಟೂ ಒಟ್ಟಿಗೇ ಉರಿಯುತ್ತೆ. ಬೆಳಗ್ಗೆ ಮೊದಲ ಸ್ಟಾರ್ಟಿಗೆ ಬುಸ್ಸೆಂದು ಒಮ್ಮೆ ಬಿಟ್ಟು ಸುಮ್ಮನಾಗುವುದೂ ಸೀಲಿನದೇ ಗುರುತು. ರಾತ್ರಿಯೆಲ್ಲ ತೊಟ್ಟಿಕ್ಕಿ ಕೂತ ಆಯಿಲದು.

ಗುಮಾನಿ ಸಾಲದು ಅಂತ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಎಷ್ಟು ಒತ್ತಡ ಹುಟ್ಟುತ್ತೆ ಅಂತ, ಗೇಜ್ ಇಟ್ಟು ನೋಡಿಸಿದೆ. 170, 165, 170, 168 ಪಿಎಸ್‌ಐ. ಪ್ಲಗ್ ತೂತಿನಲ್ಲಿ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದರೂ ಐದಾರು ಏರಿತು, ಅಷ್ಟೇ. ರಿಂಗ್ ಹೋಗಿದ್ದರೆ ಗೇಜಿನ ಮುಳ್ಳು ಜಿಗಿಯಬೇಕಿತ್ತು. ಇಂಜಿನ್ನಿನೊಳಗಿನ ಆವಿ ಹೊರಬಿಡುವ ಪಿಸಿವಿ ವಾಲ್ವ್ ಕಟ್ಟಿಕೊಂಡರೂ ಇಂಜಿನ್ ಆಯಿಲ್ ಕುಡಿಯುತ್ತೆ, ಅದನ್ನೂ ತೊಳೆದು ಹಾಕಿದೆ. ಹೊಗೆ ಹಾಗೇ ಇತ್ತು.

ಆಗ ಲೀಟರ್ ಆಯಿಲ್ 800 ಕಿಲೋಮೀಟರಿಗೆ ಮುಗಿಯುತ್ತಿತ್ತು. ಸೋಮಾರಿಯ ದಾರಿಯನ್ನೇ ಮೊದಲು ಹಿಡಿದೆ. 20ಡಬ್ಲ್ಯು-40 ಆಯಿಲ್ ಇಳಿಸಿ ಅದಕ್ಕಿಂತ ಮಂದವಾದ 20ಡಬ್ಲ್ಯು-50 ತುಂಬಿಸಿ, ಜೊತೆಗೆ ರಬ್ಬರನ್ನು ಮೆತ್ತಗೆ ಮಾಡುತ್ತದೆ ಅನ್ನುವ ಒಂದು ಡಬ್ಬಿ ಸುರಿದೆ. ಎರಡು ಸಾವಿರ ರೂಪಾಯಿಯ ಬಾಬತ್ತು. ಮೊದಲ ತಿಂಗಳು ನಿಜಕ್ಕೂ ಕಡಿಮೆಯಾಯಿತು, ಲೀಟರಿಗೆ 1,200 ಕಿಲೋಮೀಟರ್ ಬಂತು. ಮೂರನೇ ತಿಂಗಳಿಗೆ ಹಳೇ ಚಾಳಿ. ಸೆಟೆದು ಸೀಳಿದ ರಬ್ಬರ್ ಯಾವ ಔಷಧಿಗೂ ಕೂಡುವುದಿಲ್ಲ. ಗಾಡಿ ಮಾರುವ ಮುಂಚೆ ಹೊಗೆ ಮರೆಮಾಚುವವರಿಗೆ ಇದು ಚೆನ್ನಾಗಿ ಗೊತ್ತು. ಹಳೇ ಕಾರು ಕೊಳ್ಳುವವರು ಬೆಳಗ್ಗೆ ತಣ್ಣಗಿರುವಾಗಲೇ ಹೋಗಿ ಸ್ಟಾರ್ಟ್ ಮಾಡಿಸಿ.

ಎರಡನೆಯ ದಾರಿ, ಹೆಡ್ (ವಾಲ್ವುಗಳು ಕೂತಿರುವ, ಇಂಜಿನ್ನಿನ ಮೇಲ್ಭಾಗ) ಇಳಿಸದೆ ಸೀಲ್ ಬದಲಿಸುವುದು. ವಾಲ್ವ್ ಸ್ಪ್ರಿಂಗ್ ತೆಗೆದರೆ ವಾಲ್ವ್ ಸಿಲಿಂಡರಿನೊಳಕ್ಕೆ ಜಾರಬಾರದು, ತಂತ್ರವೆಲ್ಲ ಇಷ್ಟೇ. ಪ್ಲಗ್ ತೂತಿನಿಂದ ಗಾಳಿ ಹೊಡೆದು ಹಿಡಿದಿಡಬಹುದು ಅಂತ ಪಂಕ್ಚರ್ ಅಂಗಡಿಯ ಕಂಪ್ರೆಸರ್ ತಂದೆ. ಪಿಸ್ಟನ್ ಸರಿಯಾಗಿ ಮೇಲ್ತುದಿಯಲ್ಲಿ ಇರಲಿಲ್ಲ. ಗಾಳಿ ಬಿಟ್ಟ ಕೂಡಲೇ, ಪಿಸ್ಟನ್ ಆಡಿಸುವ ಕ್ರ್ಯಾಂಕ್ ಗರಕ್ಕನೆ ತಿರುಗಿ ಪುಲ್ಲಿ ಮೇಲಿದ್ದ ಸ್ಪ್ಯಾನರ್ ಹಾರಿತು. ಕೈಯಲ್ಲಿ ಹಿಡಿದಿರಲಿಲ್ಲ, ಪುಣ್ಯ. ಮಧ್ಯೆ ಕರೆಂಟ್ ಹೋದರೆ ವಾಲ್ವ್ ಗತಿ ಏನು ಎಂಬ ಯೋಚನೆ ಬೇರೆ. ಗಾಳಿಯ ಸಹವಾಸ ಬಿಟ್ಟು ಹಗ್ಗ ಹಿಡಿದೆ.

ನೈಲಾನ್ ಹಗ್ಗ, ಒಂದೂವರೆ ಮೀಟರ್. ಎರಡೂ ವಾಲ್ವ್ ಮುಚ್ಚಿರುವ ಕಂಪ್ರೆಷನ್ ಸ್ಟ್ರೋಕಿನಲ್ಲಿ, ಪಿಸ್ಟನ್ ಮೇಲೆ ಬರುವುದಕ್ಕೆ ಸ್ವಲ್ಪ ಮುಂಚೆ, ಪ್ಲಗ್ ತೂತಿನಿಂದ ಒಳಗೆ ತುರುಕಬೇಕು. ತುದಿ ಹೊರಗೇ ಇರಲಿ. ಆಮೇಲೆ ಕ್ರ್ಯಾಂಕನ್ನು ಕೈಯಲ್ಲೇ ತಿರುಗಿಸಿದರೆ ಹಗ್ಗ ಸುರುಳಿಯಾಗಿ ವಾಲ್ವುಗಳ ಕೆಳಗೆ ದಿಂಬಿನಂತೆ ಬಿಗಿಯುತ್ತೆ. ಹೆಡ್ಡಿನ ಆಯಿಲ್ ತೂತುಗಳಿಗೆಲ್ಲ ಬಟ್ಟೆ ತುರುಕಿದ್ದೆ, ಆದರೂ ಸ್ಪ್ರಿಂಗನ್ನು ಕಡ್ಡಿಗೆ ಹಿಡಿದಿಡುವ ಒಂದು ವಾಲ್ವ್ ಲಾಕ್ ಹಾರಿ ಕಣ್ಮರೆಯಾಯಿತು. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು ಅದು. ಮುಕ್ಕಾಲು ಗಂಟೆ ಮ್ಯಾಗ್ನೆಟ್ ಕಡ್ಡಿ ಆಡಿಸಿದ ಮೇಲೆ ಬ್ಯಾಟರಿ ತಟ್ಟೆಯಲ್ಲಿ ಸಿಕ್ಕಿತು.

ಹಳೇ ಸೀಲನ್ನು ಬೆರಳಲ್ಲಿ ಹಿಚುಕಿದೆ. ಒಣಗಿದ ಹುಣಸೆ ಓಡಿನ ಹಾಗೆ ಚಟ್ಟೆಂದು ಒಡೆಯಿತು. ಹೊಸದು ಬೆರಳಿನಡಿ ಮಡಚಿ ಮತ್ತೆ ನೆಟ್ಟಗಾಗುತ್ತೆ. ಇಲ್ಲಿ ಕಾಸು ಉಳಿಸಬೇಡಿ: ಮಾಮೂಲಿ ನೈಟ್ರೈಲ್ ರಬ್ಬರ್ ಬಿಸಿಗೆ ಬೇಗ ಸೆಟೆಯುತ್ತೆ, ವೈಟಾನ್ ಅದಕ್ಕಿಂತ ಬಹಳ ಹೆಚ್ಚು ಬಿಸಿ ತಡೆಯುತ್ತೆ. ಕೂರಿಸುವಾಗ ಕಡ್ಡಿಯ ತುದಿಗೆ ತೆಳು ಪ್ಲಾಸ್ಟಿಕ್ ಸುತ್ತಿ ಆಯಿಲ್ ಸವರಬೇಕು, ಇಲ್ಲದಿದ್ದರೆ ಕಡ್ಡಿಯಲ್ಲಿ ಲಾಕ್ ಕೂರುವ ಕಚ್ಚು ತಾಗಿ ಸೀಲಿನ ತುಟಿಯೇ ಹರಿಯುತ್ತೆ. ಸುತ್ತಿಗೆ ಬೇಡ, ಸಾಕೆಟ್ ಇಟ್ಟು ಅಂಗೈಯಿಂದ ಒತ್ತಿದರೆ ಸಾಕು.

ಶನಿವಾರ ಮಧ್ಯಾಹ್ನ ಶುರು ಮಾಡಿದ್ದು ಭಾನುವಾರ ಸಂಜೆ ಟ್ಯಾಪೆಟ್ ಸೆಟ್ಟಿಂಗಿನೊಂದಿಗೆ (ವಾಲ್ವಿನ ಮೇಲಿನ ಸಂದು ಸರಿಮಾಡುವುದು) ಮುಗಿಯಿತು. ಸೀಲ್, ಕವರ್ ಗ್ಯಾಸ್ಕೆಟ್, ಸ್ಪ್ರಿಂಗ್ ಒತ್ತುವ ಸಾಮಾನು ಎಲ್ಲ ಸೇರಿ 1,900 ರೂಪಾಯಿ. ಡಬ್ಬಿ ಔಷಧಿಗೆ ಸುರಿದದ್ದಕ್ಕಿಂತ ಕಡಿಮೆ ಅಂದರೆ ಹೊಟ್ಟೆ ಉರಿಯುತ್ತೆ. ಆಮೇಲಿನ 3,000 ಕಿಲೋಮೀಟರಿನಲ್ಲಿ ಆಯಿಲ್ ಕಾಲು ಲೀಟರೂ ಇಳಿಯಲಿಲ್ಲ.

ಇದೇ ಹುಮ್ಮಸ್ಸಿನಲ್ಲಿ ಮಂಡ್ಯದ ಭಾವನ ಹಳೇ ಮಾರುತಿ 800ಕ್ಕೂ ಹಗ್ಗ ಹಾಕೋಣ ಅಂತ ಹೊರಟೆ. ಅಲ್ಲಿನ ಮೇಸ್ತ್ರಿ ನಕ್ಕರು. "ಬುಡಿ ಸಾ, ಕಂಪ್ರೆಷನ್ ನೋಡ್ದೆ ಹಗ್ಗ ತಂದ್ಬುಟ್ರಾ?" ನೋಡಿದರೆ ಮೂರು ಸಿಲಿಂಡರಿನಲ್ಲಿ ನಡುವಿನದು 110, ಆಯಿಲ್ ಬಿಟ್ಟರೂ ಏರಲಿಲ್ಲ. ಅಂದರೆ ರಿಂಗಲ್ಲ, ವಾಲ್ವೇ ಸೋರುತ್ತಿದೆ. ಹೆಡ್ ಇಳಿಸಿ, ಪೋರ್ಟುಗಳ (ಗಾಳಿ, ಹೊಗೆ ಹಾಯುವ ತೂತುಗಳ) ಬಾಯಿ ಮೇಲಾಗುವಂತೆ ಪಕ್ಕಕ್ಕೆ ಮಲಗಿಸಿ, ಅವಕ್ಕೆ ಸೀಮೆಎಣ್ಣೆ ಹುಯ್ದರು. ನಡುವಿನ ಎಕ್ಸಾಸ್ಟ್ ವಾಲ್ವಿನ ಅಂಚಿನಲ್ಲಿ ನೋಡನೋಡುತ್ತಲೇ ಒದ್ದೆ ಉಂಗುರ ಮೂಡಿತು. ಸ್ಪ್ರಿಂಗ್ ಬಿಚ್ಚಿ ಅದರ ಕಡ್ಡಿ ಅಲ್ಲಾಡಿಸಿದರೆ ಸಡಿಲ ಹಲ್ಲಿನಂತೆ ಆಡುತ್ತಿತ್ತು, ಕಡ್ಡಿ ಜಾರಾಡುವ ಕೊಳವೆ, ಅಂದರೆ ಗೈಡ್, ಸವೆದಿತ್ತು. ಅದರ ಮೇಲೆ ಎಂಥ ಸೀಲ್ ಹಾಕಿದರೂ ಕೆಲವೇ ತಿಂಗಳಲ್ಲಿ ತುಟಿ ಅಗಲವಾಗಿಬಿಡುತ್ತೆ.

ಗೈಡ್ ಬದಲಿಸಿ, ವಾಲ್ವ್ ಕೂರುವ ಸೀಟ್ ಕಟ್ ಮಾಡಿ, ಪೇಸ್ಟ್ ಹಚ್ಚಿ ವಾಲ್ವ್ ಉಜ್ಜಿ, ಹೆಡ್ ಗ್ಯಾಸ್ಕೆಟ್, ಟೈಮಿಂಗ್ ಬೆಲ್ಟ್ ಹೊಸದು ಹಾಕಿದ್ದಕ್ಕೆ ನಾಲ್ಕು ದಿನ, 11,000 ರೂಪಾಯಿ. ಭಾವ ಮುಖ ಸಿಂಡರಿಸಿದರು. ಆದರೆ ಆ ಗಾಡಿ ಈಗ ಮಳವಳ್ಳಿ ದಾರಿಯಲ್ಲಿ ಎಳೆಯುವ ರೀತಿಯೇ ಬೇರೆ. ನನ್ನ ಝೆನ್‌ಗೆ ಹೊಗೆ ನಿಂತದ್ದು ಬಿಟ್ಟರೆ ಎಳೆತ ಮೊದಲಿದ್ದಷ್ಟೇ.

ಈಗ ಯಾರಾದರೂ ಕೇಳಿದರೆ ಮೊದಲು ಗೇಜ್ ಇಡಿ ಅನ್ನುತ್ತೇನೆ. ಎಲ್ಲ ಸಿಲಿಂಡರಿನ ಅಂಕಿಯೂ ಹತ್ತಿರ ಹತ್ತಿರ ಇದ್ದು, ಹಗ್ಗ ಇಟ್ಟು ಸ್ಪ್ರಿಂಗ್ ತೆಗೆದಾಗ ಕಡ್ಡಿ ಅಲ್ಲಾಡದಿದ್ದರೆ ಹಗ್ಗವೇ ಸಾಕು. ಒಂದು ಕಡ್ಡಿ ಆಡಿದರೂ ಅಲ್ಲಿಗೇ ನಿಲ್ಲಿಸಿ ಹೆಡ್ ಇಳಿಸಿಬಿಡಿ. ನನ್ನ ಒಂದೂವರೆ ಮೀಟರ್ ಹಗ್ಗ ಈಗ ಭಾವನ ಮನೆಯಲ್ಲಿದೆ, ಬಟ್ಟೆ ಒಣಹಾಕಲು.