ಸ್ಟೇರಿಂಗ್ ನಡುಕ: ಟೈರ್ ಅಂಗಡಿ, ಸರ್ವಿಸ್ ಸೆಂಟರ್, ನಮ್ಮ ಬೀದಿಯ ಗ್ಯಾರೇಜ್

ಮೂರೂ ಕಡೆ ತೋರಿಸಿದೆ. ನನ್ನ ಓಟು ಗ್ಯಾರೇಜಿಗೇ.

ಕಾರು 2011ರದ್ದು, ಪೆಟ್ರೋಲ್. ಊರಲ್ಲಿ ಅಪ್ಪ ಅಮ್ಮ ಇದ್ದಾರೆ, ತಿಂಗಳಿಗೊಮ್ಮೆ ಬೆಂಗಳೂರಿನಿಂದ ಹಾಸನಕ್ಕೆ ಹೋಗಿ ಬರುತ್ತೇನೆ. ನೆಲಮಂಗಲ ದಾಟಿ ಗಾಡಿ 80 ಮುಟ್ಟಿದರೆ ಸಾಕು, ಸ್ಟೇರಿಂಗ್ ಗಡಗಡ ನಡುಗುತ್ತಿತ್ತು. ಸಿಟಿಯಲ್ಲಿ ಏನೂ ಗೊತ್ತಾಗುತ್ತಿರಲಿಲ್ಲ.

ಟೈರ್ ಅಂಗಡಿಯಲ್ಲಿ ಬ್ಯಾಲೆನ್ಸಿಂಗ್ (ಚಕ್ರದ ಸುತ್ತಲೂ ತೂಕ ಸಮ ಮಾಡುವುದು), ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿ ಮಾಡುವುದು) ಸೇರಿ 900 ರೂಪಾಯಿ. ಗಾಡಿ ಒಂದು ಪಕ್ಕಕ್ಕೆ ಎಳೆದರೆ ಅಥವಾ ಟೈರ್ ಒಂದೇ ಕಡೆ ಸವೆದರೆ ಅಲೈನ್‌ಮೆಂಟ್ ಬೇಕು, ಇಂಥ ನಡುಕಕ್ಕೆ ಅದು ಮದ್ದಲ್ಲ. ಬ್ಯಾಲೆನ್ಸಿಂಗ್ ಮಾಡಿಸಿದ್ದು ಸರಿ. ಮೆಷಿನ್ ನಾಲ್ಕೂ ಚಕ್ರಕ್ಕೆ ಸೊನ್ನೆ ತೋರಿಸಿತು, ಅಂದರೆ ತೂಕದಲ್ಲಿ ವ್ಯತ್ಯಾಸ ಇಲ್ಲ. ಕುಣಿಗಲ್ ಹತ್ತಿರ ಮತ್ತೆ ಅದೇ ನಡುಕ! ವಾಪಸ್ ಹೋಗಿ ಕೇಳಿದರೆ ಮತ್ತೆ ಮೆಷಿನ್ನಿಗೆ ಹಾಕಿದರು, ಮತ್ತೆ ಸೊನ್ನೆ.

ಸರ್ವಿಸ್ ಸೆಂಟರಿನವರು ಲೋಯರ್ ಆರ್ಮ್ (ಚಕ್ರವನ್ನು ಗಾಡಿಯ ಅಡಿಗೆ ಹಿಡಿದಿಡುವ ತೋಳು), ಡ್ರೈವ್ ಶಾಫ್ಟ್ (ಎಂಜಿನ್ನಿನ ಶಕ್ತಿಯನ್ನು ಚಕ್ರಕ್ಕೆ ಒಯ್ಯುವ ದಂಡ) ಎಲ್ಲಾ ಬದಲಿಸಬೇಕು ಎಂದು 14,500ರ ಎಸ್ಟಿಮೇಟ್ ಕೊಟ್ಟರು. ಗಾಡಿಯನ್ನು ರಸ್ತೆಗೆ ತೆಗೆದುಕೊಂಡು ಹೋಗಿ ನೋಡಲೇ ಇಲ್ಲ.

ಗ್ಯಾರೇಜಿನವರು ಮೊದಲು ಸ್ಪ್ಯಾನರ್ ಹಿಡಿಯಲಿಲ್ಲ, ಪ್ರಶ್ನೆ ಕೇಳಿದರು. "ಬ್ರೇಕ್ ಒತ್ತಿದಾಗ ಜಾಸ್ತಿ ಆಗುತ್ತಾ ಸಾರ್?" ಇಲ್ಲ. ಆಗಿದ್ದರೆ ಬ್ರೇಕಿನ ಡಿಸ್ಕ್ ನೋಡಬೇಕಿತ್ತಂತೆ. "ಆಕ್ಸಿಲರೇಟರ್ ಬಿಟ್ಟರೆ ನಿಲ್ಲುತ್ತಾ?" ಅದೂ ಇಲ್ಲ. ನಿಂತಿದ್ದರೆ ಡ್ರೈವ್ ಶಾಫ್ಟಿನ ಒಳಗಿನ ಜಾಯಿಂಟ್ ಮೇಲೆ ಅನುಮಾನ. ಆಮೇಲೆ ಮುಂದಿನ ಎರಡು ಚಕ್ರ ಹಿಂದಕ್ಕೆ, ಹಿಂದಿನವು ಮುಂದಕ್ಕೆ ಹಾಕಿ, ತುಮಕೂರು ರಸ್ತೆಯಲ್ಲಿ ಓಡಿಸಿಕೊಂಡು ಬನ್ನಿ ಎಂದರು. ಸ್ಟೇರಿಂಗ್ ಸುಮ್ಮನಾಗಿತ್ತು, ಈಗ ನಡುಗುತ್ತಿದ್ದದ್ದು ನಾನು ಕೂತ ಸೀಟು. ಅಂದರೆ ದೋಷ ಚಕ್ರದಲ್ಲೇ ಇದೆ ಅಲ್ವಾ.

ಹಿಂದಿನ ಎಡಗಡೆ ಜಾಕ್ ಏರಿಸಿದರು. ಒಂದು ಸೀಮೆಸುಣ್ಣದ ತುಂಡನ್ನು ಇಟ್ಟಿಗೆಗೆ ಒತ್ತಿ, ಟೈರಿಗೆ ಕೂದಲೆಳೆಯಷ್ಟು ದೂರದಲ್ಲಿ ಅಲುಗದಂತೆ ಹಿಡಿದು, ಚಕ್ರವನ್ನು ಮೆಲ್ಲಗೆ ತಿರುಗಿಸಿದರು. ಪ್ರತಿ ಸುತ್ತಿಗೂ ಒಂದೇ ಜಾಗದಲ್ಲಿ ಸರ್ ಎಂದು ತಾಗಿ, ನಾಲ್ಕು ಬೆರಳಗಲ ಬಿಳಿ ಗೆರೆ ಮೂಡಿತು. ಅಲ್ಲಿ ಅಂಗೈ ಸವರಿದೆ, ಉಬ್ಬು ಚೆನ್ನಾಗಿ ಗೊತ್ತಾಯಿತು. ಟೈರಿನ ರಬ್ಬರಿನೊಳಗಿನ ಸ್ಟೀಲ್ ಬೆಲ್ಟ್ (ಉಕ್ಕಿನ ತಂತಿಯ ಪದರ) ಬಿಟ್ಟುಕೊಂಡಿತ್ತು. ಟೈರ್ ಅಂಗಡಿಯ ಆ ಮೆಷಿನ್ ನೋಡುವುದು ತೂಕವನ್ನು ಮಾತ್ರ, ಟೈರ್ ದುಂಡಗಿದೆಯೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ. ಟೈರಿನ ಮಗ್ಗುಲಲ್ಲಿ 1816 ಎಂದಿತ್ತು, 2016ರ 18ನೇ ವಾರದ ಟೈರ್. ಮೇಲಿನ ಬಟನ್ (ರಸ್ತೆಗೆ ತಾಗುವ ಕಚ್ಚುಗಳು) ಚೆನ್ನಾಗೇ ಉಳಿದಿದೆ ಎಂದು ನಾನು ಅದನ್ನೇ ಓಡಿಸುತ್ತಿದ್ದೆ. ಹೀಗೆ ಉಬ್ಬಿದ ಟೈರ್ ಹೈವೇಯಲ್ಲಿ ಸಿಡಿಯಬಹುದು, ದಯವಿಟ್ಟು ಅದರಲ್ಲಿ ಓಡಾಡಬೇಡಿ.

ಗ್ಯಾರೇಜಿನ ಕೂಲಿ 300. ಎರಡು ಹೊಸ ಟೈರಿಗೆ 7,600. ಗ್ಯಾರೇಜಿನಲ್ಲಿ ಮೆಷಿನ್ ಇಲ್ಲ, ಹಾಗಾಗಿ ಹೊಸ ಟೈರ್ ಬ್ಯಾಲೆನ್ಸಿಂಗಿಗೆ ಟೈರ್ ಅಂಗಡಿಗೇ ಹೋಗಬೇಕಾಯಿತು, ಆ ಕೆಲಸ ಅವರು ಚೆನ್ನಾಗಿಯೇ ಮಾಡಿಕೊಟ್ಟರು. ಗಾಡಿ ವಾರಂಟಿಯಲ್ಲಿದ್ದರೆ ನಾನೂ ಸರ್ವಿಸ್ ಸೆಂಟರಿಗೇ ಹೋಗುತ್ತಿದ್ದೆ. ಇಷ್ಟು ಹಳೇ ಗಾಡಿಗೆ, ನನ್ನ ಬಜೆಟ್ಟಿಗೆ, ಓಡಿಸಿ ನೋಡದೆ ಪಾರ್ಟ್ ಬದಲಿಸುವುದು ಆಗದ ಮಾತು.

ಮೊನ್ನೆ ಹಾಸನಕ್ಕೆ ಹೋಗುವಾಗ 90ರಲ್ಲೂ ಸ್ಟೇರಿಂಗ್ ಅಲುಗಲಿಲ್ಲ. ಸ್ಟೆಪ್ನಿಯೂ 2016ರದ್ದೇ, ಮುಂದಿನ ತಿಂಗಳು ಊರಿಗೆ ಹೊರಡುವ ಮೊದಲು ಅದನ್ನೂ ಬದಲಿಸಬೇಕು.